ಊದಬಾರದ ಕೊಳವೆ

ಓಡುವುದಿಲ್ಲವೆಂದು ಹೆಸರಾದ ವ್ಯಾನು ತಾನೇ ಓಡಿಕೊಂಡು ಬಂದು ರಿಪೇರಿ ಶೆಡ್ಡಿನ ಮುಂದೆ ನಿಂತಾಗ ಸ್ಪ್ಯಾನರ್ ಅಕ್ಕ ಮಗಳ ಎರಡನೆಯ ಜಡೆ ಹೆಣೆಯುತ್ತಿದ್ದಳು.

ಒಂದು ಜಡೆ ಮುಗಿದಿತ್ತು. ರಿಬ್ಬನ್ನಿನ ತುದಿ ನೂಲು ಬಿಟ್ಟಿದ್ದರಿಂದ ಅವಳು ಮೊಳೆಗೆ ನೇತುಹಾಕಿದ್ದ ಶಾಲೆಯ ಬ್ಯಾಗಿಗೆ ಕೈಹಾಕಿ, ಮಗಳ ಕತ್ತರಿ ತೆಗೆದು ತುದಿಯನ್ನು ಸರಿಮಾಡಿದ್ದಳು. ಶಾಲೆಯ ಕೈಕೆಲಸಕ್ಕೆಂದು ಕೊಡಿಸಿದ ಕತ್ತರಿ. ನೇರವಾಗಿ ಕತ್ತರಿಸಲು ಅದಕ್ಕೆ ಬಾರದು. ಹೋದಲ್ಲೆಲ್ಲ ಅಲೆ ಅಲೆಯಾದ ಅಂಚು ಬಿಡುತ್ತದೆ. ಆ ಕತ್ತರಿಯನ್ನು ಕಂಡದ್ದೇ ಮಗಳು ಕತ್ತು ಹೊರಳಿಸಿದ್ದಳು.

"ಅಮ್ಮಾ, ಒಂದು ಕೇಳ್ಲಾ?"

"ತಲೆ ನೆಟ್ಟಗಿಟ್ಕೊ. ಜಡೆ ಸೊಟ್ಟಗಾದ್ರೆ ಆಮೇಲೆ ನನ್ನ ಮೇಲೇ ಮುನಿಸ್ಕೋತೀಯ."

"ಒಂದೇ ಒಂದು ಅಮ್ಮಾ..."

ಅಷ್ಟರಲ್ಲಿ ಆ ಸದ್ದು. ಹಳೆಯ ಎಂಜಿನ್ನಿನ ಒಣ ಗಂಟಲು ಯಾವುದೆಂದು ಅವಳಿಗೆ ಕಣ್ಣಲ್ಲಿ ನೋಡಿ ತಿಳಿಯಬೇಕಾಗಿರಲಿಲ್ಲ. ಅವಳ ಕೈ ಕೂದಲಿನಲ್ಲೇ ನಿಂತಿತು. ಮುಂದಿನ ಕೋಣೆಯಲ್ಲಿ, ಬ್ಯಾಗಿನ ಮೊಳೆಯ ಕೆಳಗೆ ಚಾಪೆ ಸುತ್ತುತ್ತಿದ್ದ ಅವಳ ತಮ್ಮನ ಕೈಯೂ ನಿಂತಿತು.

ತಮ್ಮ ಆ ವ್ಯಾನಿನ ಡ್ರೈವರು. ಊರಿನ ದೊಡ್ಡ ಲಾಂಡ್ರಿಯ ಯಜಮಾನಿ ಕೆಲವು ದಿನಗಳ ಹಿಂದೆ ಕಲ್ಲುಕ್ವಾರಿಯ ದಿಣ್ಣೆಯಲ್ಲಿ ಕಾಣೆಯಾದದ್ದು ಅದೇ ವ್ಯಾನಿನಿಂದ. ಗಾಡಿ ಏರಿನಲ್ಲಿ ಕೆಮ್ಮಿ ನಿಂತುಬಿಟ್ಟಿತು, ಪೆಟ್ರೋಲ್ ತರಲು ಕೆಳಗಿಳಿದು ಹೋಗಿ ಬರುವಷ್ಟರಲ್ಲಿ ಸೀಟು ಖಾಲಿಯಾಗಿತ್ತು ಎಂಬುದು ಅವನ ಮಾತು. ಗಾಡಿಗೆ ಯಾವ ರೋಗವೂ ಇಲ್ಲ ಎಂಬುದು ಪೊಲೀಸರ ಮಾತು.

ಇನ್ಸ್‌ಪೆಕ್ಟರ್ ಕೀಲಿಕೈ ಕುಣಿಸುತ್ತಾ ಇಳಿದರು.

"ನೋಡಮ್ಮಾ, ನಾನೇ ಓಡಿಸ್ಕೊಂಡು ಬಂದೆ. ಒಂದು ಸಲಾನೂ ಕೆಮ್ಮಿಲ್ಲ, ಸೀನಿಲ್ಲ. ನಮ್ಮ ವರ್ಕ್‌ಶಾಪಿನವರೂ ನೋಡಿದ್ದಾರೆ. ಪಂಪು ಸರಿಯಿದೆ, ಕಾರ್ಬೊರೇಟರ್ ಸರಿಯಿದೆ, ಟ್ಯಾಂಕಿನಿಂದ ಬರೋ ಪೈಪು ಊದಿ ನೋಡಿದ್ದಾರೆ, ಗುಳುಗುಳು ಅಂತ ಸಲೀಸಾಗಿ ಹೋಗಿದೆ."

"ಅಂದ್ರೆ ನಮ್ಮ ಹುಡುಗ ಸುಳ್ಳುಗಾರ."

"ಅದನ್ನ ಇವತ್ತು ಇತ್ಯರ್ಥ ಮಾಡ್ಬೇಕು. ಈ ವಯಸ್ಸಿನ ಗಾಡಿಯ ನಾಡಿ ಹಿಡಿಯೋರು ಈ ಊರಲ್ಲಿ ನೀವೊಬ್ರೇ. ಅವನು ನಿಮ್ಮ ತಮ್ಮ ಅಂತ ನನಗೂ ಗೊತ್ತು. ಅದಕ್ಕೇ ನೀವು ಮುಟ್ಟೋದೆಲ್ಲ ನನ್ನ ಕಣ್ಣೆದುರಿಗೆ. ಗಾಡಿ ನಿಂತ್ರೆ ಅವನು ಇಲ್ಲೇ ಇರ್ತಾನೆ. ನಿಲ್ಲದಿದ್ರೆ ಮಧ್ಯಾಹ್ನದ ಊಟ ನಮ್ಮಲ್ಲಿ."

"ನಿಮ್ಮಲ್ಲಿ ಉಪ್ಪು ಖಾರ ಹೇಗೆ ಸಾರ್?" ತಮ್ಮ ಬಾಗಿಲಿಗೆ ಒರಗಿ ಕೇಳಿದ. ನಗಿಸಲು ಹೊರಟ ಮಾತು. ದನಿ ಮಾತ್ರ ಜೊತೆಗೆ ಬರಲಿಲ್ಲ.

ಅಕ್ಕ ಕೈ ಒರೆಸಿಕೊಂಡಳು. ಮಗಳ ಒಂದು ಕಡೆಯ ಕೂದಲು ಹಾಗೇ ಬಿಚ್ಚಿಕೊಂಡು ಭುಜದ ಮೇಲೆ ಬಿದ್ದಿತ್ತು.

"ಅಮ್ಮಾ, ನಾನು ಕೇಳ್ಬೇಕಿತ್ತಲ್ಲ..."

"ಆಮೇಲೆ ಗುಬ್ಬಿ. ಎಷ್ಟು ಬೇಕಾದ್ರೂ ಕೇಳು, ಆಮೇಲೆ."

"ಇವತ್ತು ನಿಂಗೆ ಅರ್ಧ ಜಡೆ, ಅರ್ಧ ರಜೆ," ಎಂದು ಮಾವ ಅವಳ ಮೂಗು ಹಿಂಡಿದ. ಗುಬ್ಬಿ ನಗಲಿಲ್ಲ. ಮಾವನನ್ನೇ ನೋಡಿದಳು.

*

ಸ್ಪ್ಯಾನರ್ ಅಕ್ಕ ಮೊದಲು ಯಾವ ಬೋಲ್ಟನ್ನೂ ಮುಟ್ಟಲಿಲ್ಲ. ಮಾತಿನಿಂದಲೇ ಶುರುಮಾಡಿದಳು.

"ದೀಪ ಆರಿಸಿದ ಹಾಗೆ ಫಕ್ಕನೆ ನಿಂತಿತಾ, ಇಲ್ಲಾ ಉಸಿರು ಕಟ್ಟಿ ಕಟ್ಟಿ ನಿಂತಿತಾ?"

"ಉಸಿರು ಕಟ್ಟಿ. ಮೊದ್ಲು ಎಳೆತ ಹೋಯ್ತು. ಕಾಲು ಒತ್ತಿದಷ್ಟೂ ಸೋತುಹೋಯ್ತು. ಕೆಮ್ಮಿತು, ಕೆಮ್ಮಿತು, ನಿಂತಿತು."

"ಹಾಗಾದ್ರೆ ಕರೆಂಟಿನ ದೋಷ ಅಲ್ಲ," ಎಂದಳು ಇನ್ಸ್‌ಪೆಕ್ಟರಿಗೆ. "ಕಿಡಿ ಸತ್ರೆ ಎಂಜಿನ್ ಒಂದೇ ಸಲಕ್ಕೆ ಸಾಯುತ್ತೆ. ಇದು ಹಸಿವು. ಪೆಟ್ರೋಲ್ ಬಾಯಿಗೆ ಮುಟ್ಟಿಲ್ಲ."

ಆ ಕಾಲದ ವ್ಯಾನುಗಳಲ್ಲಿ ಎಂಜಿನ್ ಇರುವುದು ಮುಂದಿನ ಎರಡು ಸೀಟುಗಳ ನಡುವೆ, ಒಂದು ಮುಚ್ಚಳದ ಕೆಳಗೆ. ಅವಳು ಮುಚ್ಚಳ ತೆಗೆದು ಪಕ್ಕಕ್ಕಿಟ್ಟಳು. ಪಂಪಿನಿಂದ ಕಾರ್ಬೊರೇಟರಿಗೆ ಹೋಗುವ ಪೈಪನ್ನು ಕಳಚಿ ಒಂದು ಖಾಲಿ ಬಾಟಲಿಗೆ ಇಳಿಬಿಟ್ಟು, ಕೀಲಿ ತಿರುಗಿಸಲು ಹೇಳಿದಳು. ಕರೆಯುವ ಹಸುವಿನ ಕೆಚ್ಚಲಿನಿಂದ ಬಂದ ಹಾಗೆ ಪೆಟ್ರೋಲ್ ಚುರ್ ಚುರ್ರೆಂದು ಬಿತ್ತು.

"ಪಂಪಿನದೇನೂ ತಪ್ಪಿಲ್ಲ," ಎಂದು ಪೈಪನ್ನು ಮತ್ತೆ ಸಿಕ್ಕಿಸಿದಳು.

ಆಮೇಲೆ ಪಂಪಿನ ಈಚೆಗೆ, ಟ್ಯಾಂಕಿನಿಂದ ಎಳೆದುಕೊಳ್ಳುವ ಕಡೆ, ಕಪ್ಪು ರಬ್ಬರಿನ ಪೈಪು ತೆಗೆದು ಅದರ ಜಾಗದಲ್ಲಿ ಪಾರದರ್ಶಕ ಕೊಳವೆಯೊಂದನ್ನು ಕೂರಿಸಿದಳು. ಒಳಗೆ ತಿಳಿ ಹಳದಿ ಪೆಟ್ರೋಲ್ ಹರಿಯುವುದು ಕಣ್ಣಿಗೆ ಕಂಡಿತು.

"ಇದೇನಿದು?"

"ಕಿಟಕಿ ಸಾರ್. ಕೆಮ್ಮಿದ ಮೇಲೆ ಗಂಟಲು ನೋಡಿ ಏನು ಬಂತು? ಕೆಮ್ಮುವಾಗ್ಲೇ ನೋಡ್ಬೇಕು. ನಿಮ್ಮೋರು ಇದನ್ನ ಎಲ್ಲಿ ಓಡಿಸಿ ನೋಡಿದ್ರು?"

"ಸ್ಟೇಷನ್ ಮೈದಾನದಲ್ಲಿ."

"ದಿಣ್ಣೆ ಹತ್ತಿಸಿದ್ರಾ?"

ಇನ್ಸ್‌ಪೆಕ್ಟರ್ ಕೀಲಿಕೈ ಕೈಗೆತ್ತಿಕೊಂಡರು. ಹೋಗಿ ಸ್ಟಿಯರಿಂಗಿನ ಮುಂದೆ ಕೂತರು.

"ನಾನೇ ಓಡಿಸ್ತೀನಿ. ನಿಮ್ಮ ತಮ್ಮ ಹಿಂದೆ, ಕೈ ಎರಡೂ ತೊಡೆ ಮೇಲೆ." ಮನೆಯಲ್ಲಿ ಒಬ್ಬಳೇ ಉಳಿಯಲೊಲ್ಲದ ಗುಬ್ಬಿಯೂ ಮಾವನ ಹಿಂದೆ ಹತ್ತಿದಳು.

*

ಕಲ್ಲುಕ್ವಾರಿಯ ದಿಣ್ಣೆಯ ಬುಡದಲ್ಲಿ ಒಂದು ಹೊಸ ಕಾರು ಕಾದು ನಿಂತಿತ್ತು. ಅದರ ಬಾನೆಟ್ಟಿಗೆ ಒರಗಿದ್ದವನು ಯಜಮಾನಿಯ ಅಳಿಯ. ಲಾಂಡ್ರಿಯ ಮೆಷಿನ್ನುಗಳೆಲ್ಲ ಅತ್ತೆಯ ಹೆಸರಿನಲ್ಲಿ, ಲಾಂಡ್ರಿಯ ಮಾತುಗಳೆಲ್ಲ ಇವನ ಹೆಸರಿನಲ್ಲಿ ಎಂದು ಇಸ್ತ್ರಿಯವರು ನಗುತ್ತಿದ್ದರು.

"ಏನ್ ಸಾರ್, ಸರ್ಕಸ್ ಕಂಪನಿಯನ್ನೇ ಕರ್ಕೊಂಡು ಬಂದಿದ್ದೀರಿ? ಅಕ್ಕ ಡಾಕ್ಟರು, ತಮ್ಮ ರೋಗಿ, ಆ ಚಿಕ್ಕದು ಕಾಂಪೌಂಡರಾ?"

"ರೋಗಿ ಗಾಡಿ ಸ್ವಾಮಿ," ಎಂದಳು ಅಕ್ಕ, ಕೊಳವೆಯಿಂದ ಕಣ್ಣು ಕೀಳದೆ. "ಇದನ್ನ ಗುಜರಿಗೆ ಹಾಕೋಕೆ ಆಗ್ಲೇ ಮಾತಾಡಿದ್ದೀರಂತೆ. ಅಷ್ಟೇನು ಅವಸರ?"

ಇನ್ಸ್‌ಪೆಕ್ಟರ್ ಅಳಿಯನತ್ತ ತಿರುಗಿ ನೋಡಿದರು. ಅಳಿಯ ಕಾರಿನ ಮೇಲಿನ ಇಲ್ಲದ ಧೂಳು ಒರೆಸಿದ.

"ಅತ್ತೆ ಕೂತಿದ್ದ ಸೀಟು. ದಿನಾ ನೋಡೋಕೆ ಸಂಕಟ ಆಗಲ್ವಾ?"

ವ್ಯಾನು ಏರತೊಡಗಿತು. ಹಿಂದೆ, ಬಟ್ಟೆಗಂಟುಗಳ ಮೇಲೆ ಮಾವನೂ ಗುಬ್ಬಿಯೂ ಕೂತಿದ್ದರು. ಮೊದಲ ತಿರುವು ದಾಟಿತು. ಕೊಳವೆ ತುಂಬಿಯೇ ಇತ್ತು. ಎರಡನೆಯ ತಿರುವಿನ ನಂತರ ರಸ್ತೆ ಕಡಿದಾಯಿತು. ಇನ್ಸ್‌ಪೆಕ್ಟರ್ ಗೇರ್ ಇಳಿಸಿ ಕಾಲು ಒತ್ತಿದರು.

ಕೊಳವೆಯ ಗೋಡೆಗಳು ಒಳಕ್ಕೆ ಸೊರಗಿದವು. ಸ್ಟ್ರಾ ಎಳೆಯುವ ಮಗುವಿನ ಕೆನ್ನೆಯ ಹಾಗೆ.

"ಎಳೆತ ಹೋಯ್ತು," ಎಂದರು ಇನ್ಸ್‌ಪೆಕ್ಟರ್. ಅವರ ದನಿಯಲ್ಲಿ ಮೊದಲ ಬಾರಿಗೆ ಅಧಿಕಾರ ಇರಲಿಲ್ಲ. ವ್ಯಾನು ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ನಿಂತಿತು.

ನಿಂತ ಮರುಗಳಿಗೆಯೇ ಕೊಳವೆಯ ಗೋಡೆ ಅಗಲವಾಗಿ, ಪೆಟ್ರೋಲ್ ತಾನೇ ತಾನಾಗಿ ತುಂಬಿಕೊಂಡಿತು. ಏನೂ ಆಗೇ ಇಲ್ಲವೆಂಬಂತೆ.

ಹಿಂದಿನಿಂದ ತಮ್ಮ ದೀರ್ಘವಾಗಿ ಉಸಿರು ಬಿಟ್ಟದ್ದು ಕೇಳಿಸಿತು. ಅಕ್ಕ ತಿರುಗಿ ನೋಡಲಿಲ್ಲ. ಇಳಿದು ಹೋಗಿ ಟ್ಯಾಂಕಿನ ಮುಚ್ಚಳ ತೆಗೆದು ಕಿವಿಗೊಟ್ಟಳು. ಮುಚ್ಚಳದ ಗಾಳಿರಂಧ್ರ ಕಟ್ಟಿದ್ದರೆ ತೆಗೆಯುವಾಗ ಬುಸ್ಸೆಂದು ಗಾಳಿ ಒಳನುಗ್ಗಬೇಕು. ಇಲ್ಲಿ ಸದ್ದಿಲ್ಲ. ಟಾರ್ಚು ಬಿಟ್ಟು ನೋಡಿದಳು. ತಿಳಿಯಾದ ಪೆಟ್ರೋಲ್, ತಳದವರೆಗೂ ಬೆಳಕು. ಏನೂ ಕಾಣಲಿಲ್ಲ.

ಅಷ್ಟರಲ್ಲಿ ಇನ್ಸ್‌ಪೆಕ್ಟರ್ ಕೊಳವೆಯ ತುದಿ ಕಳಚಿ ಬಾಯಿಯ ಹತ್ತಿರ ತಂದಿದ್ದರು.

"ಊದಬೇಡಿ!"

ಅವಳ ಕೂಗಿಗೆ ಕ್ವಾರಿಯ ಬಂಡೆಯೂ ಮರುನುಡಿಯಿತು. ಇನ್ಸ್‌ಪೆಕ್ಟರ್ ಬೈಸಿಕೊಂಡ ಹುಡುಗನ ಹಾಗೆ ಕೊಳವೆ ಕೆಳಗಿಳಿಸಿದರು.

"ಕೋಪ ಮಾಡ್ಕೋಬೇಡಿ ಸಾರ್. ನಮ್ಮ ಕಸುಬಿನವರ ಚಾಳಿ ಇದು, ಪೈಪು ಕಂಡ್ರೆ ಊದೋದು. ನಿಮ್ಮ ವರ್ಕ್‌ಶಾಪಿನವರೂ ಅದನ್ನೇ ಮಾಡಿದ್ರು. ಕಳ್ಳ ಬಾಗಿಲಿಗೆ ಬಂದು ನಿಂತಿದ್ದಾಗ ಇವರೇ ಫೂ ಅಂತ ಊದಿ ಒಳಮನೆಗೆ ಕಳಿಸಿ, ಬಾಗಿಲಲ್ಲಿ ಯಾರೂ ಇಲ್ಲ ಅಂತ ಬರ್ಕೊಂಡ್ರು."

"ಕಳ್ಳ ಅಂದ್ರೆ?"

"ಟ್ಯಾಂಕಿನ ತಳದಲ್ಲಿ ಏನೋ ಇದೆ. ಹಗುರವಾದ್ದು, ಚಪ್ಪಟೆಯಾದ್ದು. ಸಮತಟ್ಟಲ್ಲಿ ಮೂಲೆಯಲ್ಲಿ ಮಲಗಿರುತ್ತೆ. ಏರಿನಲ್ಲಿ ಹಿಂದಕ್ಕೆ ಜಾರುತ್ತೆ. ಪೆಟ್ರೋಲ್ ಹೀರ್ಕೊಳ್ಳೋ ಪೈಪಿನ ಬಾಯಿ ಇರೋದು ಹಿಂದೇನೇ. ಎಂಜಿನ್ ಜೋರಾಗಿ ಎಳೆದಾಗ ಹೋಗಿ ಬಾಯಿಗೆ ಅಂಟ್ಕೊಳ್ಳುತ್ತೆ. ಎಂಜಿನ್ ನಿಂತ್ರೆ ಎಳೆತ ನಿಂತು ತಾನೇ ಕಳಚ್ಕೊಳ್ಳುತ್ತೆ."

"ನೋಡೋಕೆ ಹೋದಾಗೆಲ್ಲ ಇರಲ್ಲ."

"ಸಿಗೋದು ಕಳವು ಮಾಡ್ತಿರುವಾಗ ಮಾತ್ರ."

ಇಂಥ ರೋಗವನ್ನು ಅವಳು ಹಿಂದೆ ಒಮ್ಮೆ ಮಾತ್ರ ಕಂಡಿದ್ದಳು, ಒಂದು ಟ್ರ್ಯಾಕ್ಟರಿನಲ್ಲಿ. ಅಲ್ಲಿ ಒಂದು ಎಲೆ. ಆವತ್ತು ಅವಳಿಗೆ ಟಾರ್ಚು ಹಿಡಿದು ನಿಂತಿದ್ದವನು ಇದೇ ತಮ್ಮ. 'ಎಂಥಾ ಉಪಾಯ ಅಕ್ಕಾ, ಬೇಕೂಂತ ಮಾಡಿದ್ರೂ ಯಾರಿಗೂ ಗೊತ್ತಾಗಲ್ಲ' ಎಂದು ನಕ್ಕಿದ್ದ. ಆ ನೆನಪು ಕಾಲಿಗೆ ಚುಚ್ಚಿದ ಮುಳ್ಳಿನ ಹಾಗೆ ಬಂದಿತು. ಅವಳು ಅದನ್ನು ಕೀಳಲು ಕೂರಲಿಲ್ಲ. ಕೆಲಸ ಮುಂದಿತ್ತು.

*

ಎರಡನೆಯ ಸಲ ವ್ಯಾನು ಏರಿದಾಗ ಅವಳು ಕೈಯಲ್ಲಿ ಇಕ್ಕಳ ಹಿಡಿದು ಕೂತಿದ್ದಳು. ಅಳಿಯನ ಕಾರು ಹಿಂದೆಯೇ ಬರುತ್ತಿತ್ತು.

ಕೊಳವೆ ಸೊರಗಿದ್ದೇ ತಡ, ಅದರ ಕತ್ತನ್ನು ಇಕ್ಕಳದಿಂದ ಹಿಸುಕಿ ಬಿಗಿದಳು. ಎಂಜಿನ್ ಸತ್ತಿತು. ಆದರೆ ಈ ಸಲ ಪೆಟ್ರೋಲ್ ಮರಳಿ ತುಂಬಲಿಲ್ಲ. ಎಳೆತ ಎಂಜಿನ್ನಿನಲ್ಲಿ ಹೋದರೂ ಕೊಳವೆಯಲ್ಲಿ ಉಳಿಯಿತು. ಬಾಗಿಲಿಗೆ ಬಂದ ಕಳ್ಳನ ಅಂಗಿ ಬಾಗಿಲಿಗೇ ಸಿಕ್ಕಿಕೊಂಡಿತು.

"ಹಿಂದಿನ ಗಂಟು ಸರಿಸೋ," ಎಂದಳು ತಮ್ಮನಿಗೆ. "ಮುಟ್ಟೋದು ಗಂಟು ಮಾತ್ರ."

ಗಂಟುಗಳ ಕೆಳಗೆ, ವ್ಯಾನಿನ ನೆಲದಲ್ಲಿ, ಟ್ಯಾಂಕಿನ ತಲೆಯ ಮೇಲೆ ಒಂದು ದುಂಡನೆಯ ತಗಡು. ಅದರ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚುವಾಗ ಅಳಿಯ ಬಾಗಿಲಿಗೆ ಬಂದು ನಿಂತ.

"ಸಾರ್, ಇದೆಲ್ಲ ಅಕ್ಕ ತಮ್ಮ ಸೇರಿ ಕಟ್ಟಿದ ನಾಟಕ. ಬೆಳಿಗ್ಗೆ ಇವಳೇ ಏನಾದ್ರೂ ಹಾಕಿರ್ತಾಳೆ ಒಳಗೆ."

"ಬೆಳಿಗ್ಗೆಯಿಂದ ನಾನು ಜೊತೆಗೇ ಇದ್ದೀನಿ, ಇವರು ಟ್ಯಾಂಕಿನ ಮುಚ್ಚಳ ತೆಗೆಯೋ ಮೊದ್ಲೇ ಗಾಡಿ ನಿಂತಿತ್ತು," ಎಂದರು ಇನ್ಸ್‌ಪೆಕ್ಟರ್.

"ನಿಮ್ಮ ಕಣ್ಣಿಗೆ ಮಣ್ಣೆರಚೋದು ಎಷ್ಟು ಹೊತ್ತು? ಇವನು ನಮ್ಮ ಅತ್ತೇನ ಏನು ಮಾಡಿದ ಅಂತ ಕೇಳಿ ಮೊದ್ಲು. ವಯಸ್ಸಾದ ಹೆಂಗಸು. ಮಂಡಿ ನೋವು. ಈ ದಿಣ್ಣೆಯಿಂದ ತಾನಾಗೇ ನಡ್ಕೊಂಡು ಹೋಗ್ತಾಳಾ?"

ಅಕ್ಕ ಸ್ಕ್ರೂ ಬಿಚ್ಚುವುದನ್ನು ನಿಲ್ಲಿಸಿದಳು.

"ನಿಮ್ಮ ಅತ್ತೆ ನಮ್ಮ ಹುಡುಗನಿಗೆ ಅನ್ನ ಕೊಟ್ಟವರು. ನಿಮಗೂ ಅವರೇ ಕೊಟ್ಟಿದ್ದು. ನಮ್ಮವನು ಅವತ್ತಿನಿಂದ ತಟ್ಟೆ ಮುಂದೆ ಕೂತು ಎದ್ದು ಹೋಗ್ತಿದ್ದಾನೆ. ನೀವು?"

ಅಳಿಯ ಒಂದು ಹೆಜ್ಜೆ ಮುಂದೆ ಬಂದ.

"ನಾನು ತಿಂದ್ರೆ ನಿಂಗೇನು?"

"ಏನೂ ಇಲ್ಲ. ಸ್ವಲ್ಪ ಬೆಳಕು ಬಿಡಿ, ಸ್ಕ್ರೂ ಕಾಣ್ತಿಲ್ಲ."

ಅವಳು ತಗಡನ್ನು ಎತ್ತಿ, ಅದಕ್ಕೆ ಅಂಟಿಕೊಂಡೇ ಇದ್ದ ಹೀರುಪೈಪನ್ನು, ತುಂಬಿದ ಲೋಟ ಎತ್ತುವ ಹಾಗೆ ಅಲುಗಾಡಿಸದೆ ಮೇಲಕ್ಕೆ ತಂದಳು. ಪೈಪಿನ ಬಾಯಿಯಿಂದ ಪೆಟ್ರೋಲ್ ತೊಟ್ಟಿಕ್ಕಿತು. ಮೊದಲು ಏನೂ ಕಾಣಲಿಲ್ಲ. ಅವಳು ಬಿಸಿಲಿಗೆ ತಿರುಗಿಸಿದಳು.

ಒದ್ದೆ ಬೆರಳಿಗೆ ಅಂಟಿದ ಈರುಳ್ಳಿಯ ಒಳಸಿಪ್ಪೆಯ ಹಾಗೆ, ಪೈಪಿನ ಬಾಯಿಯನ್ನು ಮುಚ್ಚಿಕೊಂಡು ಒಂದು ತೆಳು ಪ್ಲಾಸ್ಟಿಕ್ ಹಾಳೆ ಹೊಳೆಯಿತು. ಇಸ್ತ್ರಿಯಾದ ಬಟ್ಟೆಗೆ ಲಾಂಡ್ರಿಯವರು ಹೊದಿಸುವಂಥದ್ದು. ಬಣ್ಣವಿಲ್ಲದ್ದು. ಪೆಟ್ರೋಲಿನಲ್ಲಿ ಮುಳುಗಿದರೆ ಇದೆಯೋ ಇಲ್ಲವೋ ಎಂದು ತಿಳಿಯದ್ದು.

ಇಕ್ಕಳ ಸಡಿಲಿಸಿದ್ದೇ ಹಾಳೆ ಕಳಚಿ ಇನ್ಸ್‌ಪೆಕ್ಟರ್ ಒಡ್ಡಿದ್ದ ಕರವಸ್ತ್ರಕ್ಕೆ ಬಿತ್ತು. ಬರೀ ಅಂಗೈಯಗಲ.

"ಅಂದ್ರೆ ನಿಮ್ಮ ತಮ್ಮ ಹೇಳಿದ್ದು ನಿಜ. ಗಾಡಿ ನಿಂತಿದ್ದು ನಿಜ," ಎಂದರು ಅವರು ನಿಧಾನವಾಗಿ. "ಮಧ್ಯಾಹ್ನದ ಊಟ ಮನೆಯಲ್ಲೇ ಮಾಡಯ್ಯಾ."

ತಮ್ಮ ಬಟ್ಟೆಗಂಟಿನ ಮೇಲೆ ಕುಸಿದು ಕೂತು ಮುಖ ಮುಚ್ಚಿಕೊಂಡ.

"ಇದು ನಮ್ಮ ಲಾಂಡ್ರಿ ಕವರ್ರೇ," ಎಂದ ಅಳಿಯ, ಯಾರೂ ಕೇಳದಿದ್ದರೂ. "ಆದ್ರೆ ಅಲ್ಲಿ ಇಪ್ಪತ್ತು ಜನ ಮುಟ್ತಾರೆ. ನಾನೊಬ್ನೇ ಅಲ್ಲ."

"ನಿಮ್ಮನ್ನ ಯಾರೂ ಏನೂ ಅಂದಿಲ್ವಲ್ಲ," ಎಂದು ಇನ್ಸ್‌ಪೆಕ್ಟರ್ ಹಾಳೆಯನ್ನು ಬೆಳಕಿಗೆ ಹಿಡಿದರು. "ಹರಿದಿದ್ದಲ್ಲ ಇದು. ಅಳತೆ ನೋಡಿ ಕತ್ತರಿಸಿದ್ದು. ಅಂಚು ನೋಡಿ, ಹೇಗಿದೆ. ಅಲೆ ಅಲೆಯಾಗಿ. ನಿಮ್ಮ ಲಾಂಡ್ರಿಯಲ್ಲಿ ಇಂಥ ಕತ್ತರಿ ಇದೆಯಾ?"

"ಇಂಥದ್ದು... ಇಲ್ಲ. ನಾನು ನೋಡಿಲ್ಲ."

"ಹಾಗಾದ್ರೆ ಇಂಥ ಕತ್ತರಿ ಇರೋ ಮನೆ ಹುಡುಕ್ಬೇಕು. ಅಲ್ಲಿಂದ ಯಜಮಾನಿಯವರ ಹತ್ತಿರಕ್ಕೆ ದಾರಿ ಇದೆ."

*

ಸ್ಪ್ಯಾನರ್ ಅಕ್ಕ ವ್ಯಾನಿನ ಮೆಟ್ಟಿಲ ಮೇಲೆ ಕೂತಳು. ಕೈಗೆ ಒಂದು ಕೆಲಸ ಬೇಕಾಗಿತ್ತು. ಸೋಪಿಲ್ಲದೆ ನೀರಿನಲ್ಲಿ ಕೈ ತೊಳೆದುಕೊಂಡು ಮಗಳನ್ನು ಎಳೆದು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡಳು.

"ಬಾ, ಜಡೆ ಮುಗಿಸೋಣ."

ಮುಗಿದಿದ್ದ ಜಡೆಯ ತುದಿಯಲ್ಲಿ ಕೆಂಪು ರಿಬ್ಬನ್ ಗಾಳಿಗೆ ಆಡುತ್ತಿತ್ತು. ಅದರ ಅಂಚು, ಬೆಳಿಗ್ಗೆ ಅವಳೇ ಕತ್ತರಿಸಿದ್ದು, ಅಲೆ ಅಲೆಯಾಗಿತ್ತು. ಅವಳು ಅದನ್ನು ಹೆಬ್ಬೆರಳಿನಿಂದ ಸವರಿದಳು. ಒಂದು ದೊಡ್ಡ ಅಲೆ, ಒಂದು ಸಣ್ಣದು, ಮತ್ತೆ ದೊಡ್ಡದು. ಆ ಕತ್ತರಿಯ ಒಂದು ಹಲ್ಲು ಮುರಿದಿತ್ತು. ತಗಡು ಕತ್ತರಿಸಲು ಹೋಗಿ ಮುರಿದವಳು ಗುಬ್ಬಿಯೇ. ಹಾಳೆಯ ಅಂಚಿನಲ್ಲೂ ಅವಳ ಕಣ್ಣು ಅದನ್ನೇ ಕಂಡಿತ್ತು. ದೊಡ್ಡದು, ಸಣ್ಣದು, ದೊಡ್ಡದು.

ಅವಳು ರಿಬ್ಬನ್ನಿನ ತುದಿಯನ್ನು ಮೆಲ್ಲನೆ ಮುಷ್ಟಿಯೊಳಗೆ ಮುಚ್ಚಿದಳು.

ಜೀವನದಲ್ಲಿ ಅವಳು ಯಾವ ಗಾಡಿಯ ರೋಗವನ್ನೂ ಬಚ್ಚಿಟ್ಟವಳಲ್ಲ. ಈಗ ತಮ್ಮನತ್ತ ನೋಡಿದಳು. ತಮ್ಮ ಮುಖದಿಂದ ಕೈ ತೆಗೆದು ಅವಳ ಮುಷ್ಟಿಯನ್ನೇ ನೋಡುತ್ತಿದ್ದ. ರಾತ್ರಿ ಮನೆಯ ಚಿಲಕ ಹಾಕುವವನು ಅವನು. ಬ್ಯಾಗಿನ ಮೊಳೆಯ ಕೆಳಗೆ ಮಲಗುವವನು ಅವನು.

"ಅಮ್ಮಾ," ಎಂದಳು ಗುಬ್ಬಿ. "ಈಗ ಕೇಳ್ಲಾ?"

"ಮನೆಗೆ ಹೋಗೋಣ ಕಂದಾ. ಅಲ್ಲಿ ಕೇಳು."

"ಆಮೇಲೆ ಅಂದಿದ್ಯಲ್ಲ. ಆಮೇಲೆ ಆಯ್ತಲ್ಲ."

"ಗುಬ್ಬೀ..." ಮಾವ ಗಂಟಿನ ಮೇಲಿಂದ ಅರ್ಧ ಎದ್ದ.

ಇನ್ಸ್‌ಪೆಕ್ಟರ್ ಕರವಸ್ತ್ರ ಮಡಿಸುತ್ತಿದ್ದವರು ತಲೆಯೆತ್ತಿದರು. ಬೆಳಗ್ಗಿನಿಂದ ಆ ಮಗುವನ್ನು ಅವರು ಸರಿಯಾಗಿ ನೋಡಿಯೇ ಇರಲಿಲ್ಲ. ಒಂದು ಜಡೆ ಕಟ್ಟಿತ್ತು, ಇನ್ನೊಂದು ಅಮ್ಮನ ಬೆರಳುಗಳಲ್ಲಿ ಅರ್ಧಕ್ಕೆ ನಿಂತಿತ್ತು.

"ಬೆಳಿಗ್ಗೆಯಿಂದ ಕಾಯ್ತಾ ಇದ್ದಾಳೆ ಪಾಪ. ಕೇಳಲಿ ಬಿಡಿಯಮ್ಮಾ. ಏನು ಪುಟ್ಟಿ?"

ಗುಬ್ಬಿ ಅವರನ್ನು ನೋಡಲಿಲ್ಲ. ಅಮ್ಮನನ್ನು ನೋಡಿದಳು, ಮಾವನನ್ನು ನೋಡಿದಳು.

"ನನ್ನ ಕತ್ತರಿ ಲಾಂಡ್ರಿ ಅಜ್ಜಿ ಕವರ್ ಕತ್ತರಿಸ್ಬೇಕು ಅಂತ ಇಸ್ಕೊಂಡಿದ್ರು. ಕಾಣೆಯಾಗೋ ಹಿಂದಿನ ದಿನ, ಈ ವ್ಯಾನಲ್ಲೇ. ನಾಳೆ ನಾನೇ ತಂದ್ಕೊಡ್ತೀನಿ ಮರಿ ಅಂದಿದ್ರು. ನಿನ್ನೆ ಮಲಗೋವಾಗ್ಲೂ ನನ್ನ ಬ್ಯಾಗಲ್ಲಿ ಅದು ಇರ್ಲಿಲ್ಲ. ಬೆಳಿಗ್ಗೆ ಇತ್ತು." ಅವಳು ಉಸಿರೆಳೆದುಕೊಂಡಳು. "ಅಜ್ಜಿ ಬರದೆ ಕತ್ತರಿ ಹೇಗೆ ಬಂತು ಮಾವಾ?"